ಕಸದ ಗಾಡಿ ಮತ್ತು ಸಿವಿಕ್ಸ್ ಪಾಠ

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು ಮಗಳನ್ನು ಶಾಲೆಗೆ ಕಳಿಸುವುದಿಲ್ಲ. ಗಂಡ ಹೆಂಡತಿ ಕೂತು, ಆಲೋಚಿಸಿ ಮಾಡಿದ ತೀರ್ಮಾನ. ಮನೆಯೇ ಶಾಲೆ. ಗಣಿತ, ವಿಜ್ಞಾನ, ಎರಡು ಭಾಷೆ ಎಲ್ಲ ಚೆನ್ನಾಗಿಯೇ ನಡೆದಿದೆಯಂತೆ. ಬಂಡಿ ನಿಂತದ್ದು ಸಿವಿಕ್ಸ್‌ನಲ್ಲಿ. "ಸರ್ಕಾರ, ಚುನಾವಣೆ ಇದನ್ನೆಲ್ಲ ಹೇಗೆ ಹೇಳಿಕೊಡೋದು ಮಾರಾಯ್ರೇ? ಓದಿಸಿದ್ರೆ ಅವಳಿಗೆ ನಿದ್ದೆ ಬರುತ್ತೆ, ನನಗೂ ಬರುತ್ತೆ. ನೀವು ಊರಲ್ಲಿ ಮಕ್ಕಳಿಗೆ ಏನೋ ಎಲೆಕ್ಷನ್ ಮಾಡಿಸಿದ್ರಂತಲ್ಲ, ಬರ್ದು ಕೊಡಿ" ಅಂದರು. ಅವರೊಬ್ಬರಿಗೆ ಮೇಲ್ ಮಾಡುವ ಬದಲು ಇಲ್ಲೇ ಬರೆದರೆ ಇನ್ನೂ ನಾಲ್ಕು ಜನ ಓದಿಯಾರು ಅನ್ನಿಸಿತು. (ನಾಲ್ಕು ಜನ ಇಲ್ಲಿಗೆ ಬರ್ತಾರೆ ಅನ್ನುವುದು ನನ್ನ ನಂಬಿಕೆ, ಹಾಳು ಮಾಡಬೇಡಿ :-) )

ನಾನೇನು ಮೇಷ್ಟ್ರಲ್ಲ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಕೋಡು. ಆದರೆ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯದ ಎಲ್ಲ ಮನೆಗಳೂ ಕೇಳದೆಯೇ ಹೋಮ್‌ಸ್ಕೂಲ್ ಆದವಲ್ಲ? ಒಂದರಿಂದ ಐದನೇ ಕ್ಲಾಸಿನವರಿಗೆ ಶಾಲೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ನಾನಾಗ ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗ, ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಪಾಣೆಮಂಗಳೂರಿಗೆ ಬಂದು ಕೂತಿದ್ದೆ. ಅಕ್ಕನ ಮಕ್ಕಳು ಇಬ್ಬರು, ದೊಡ್ಡವಳು ಐದನೇ ಕ್ಲಾಸು, ಸಣ್ಣವ ಎರಡು. ಭಾವನಿಗೆ ಅಂಗಡಿ, ಅಕ್ಕನಿಗೆ ಮನೆಕೆಲಸದ ಜೊತೆಗೆ ಹೊಲಿಗೆ. ಹಾಗಾಗಿ "ನೀನು ಹೇಗೂ ಮನೆಯಲ್ಲೇ ಇದ್ದೀಯಲ್ಲ" ಅನ್ನುವ ಒಂದು ಮಾತಿನಲ್ಲಿ ನಾನು ಹೆಡ್‌ಮಾಸ್ಟರಾದೆ. (ಮನೆಯಿಂದ ಕೆಲಸ ಮಾಡುವವನಿಗೆ ಕೆಲಸವೇ ಇಲ್ಲ ಅಂತ ಊರಲ್ಲಿ ಈಗಲೂ ನಂಬುತ್ತಾರೆ, ಅದು ಬೇರೆ ಕತೆ.)

ದೊಡ್ಡವಳು ಪುಸ್ತಕದ ಹುಳು. ಲೋಕಸಭೆ 543, ರಾಜ್ಯಸಭೆ 245, ವಿಧಾನಸಭೆ 224, ವಿಧಾನ ಪರಿಷತ್ತು 75 ಅಂತ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು. ಹಿಂದಿನ ವರ್ಷ ಶಾಲೆಯ ಮಂತ್ರಿಮಂಡಲದಲ್ಲಿ ಆರೋಗ್ಯ ಮಂತ್ರಿಯೂ ಆಗಿದ್ದವಳು. ಮಂತ್ರಿಯಾಗಿ ಏನು ಮಾಡಿದ್ದಿ ಅಂತ ಕೇಳಿದೆ. "ಉಗುರು ನೋಡುವುದು" ಅಂದಳು. ನಮ್ಮ ವಾರ್ಡಿನ ಸದಸ್ಯರು ಯಾರು ಅಂದೆ. ಸುಮ್ಮನಾದಳು. ಪಾಠ ದಿಲ್ಲಿಯಿಂದ ಹೊರಟು ಕೆಳಗೆ ಇಳಿದು ಬರುವ ಹೊತ್ತಿಗೆ ನಮ್ಮ ಮನೆಯ ಜಗಲಿಗೆ ತಲುಪುವುದೇ ಇಲ್ಲ, ಪರೀಕ್ಷೆ ಮುಗಿದಿರುತ್ತದೆ.

ಜಗಲಿಯಿಂದಲೇ ಶುರು ಮಾಡಿಸಿದ್ದು ಸಣ್ಣವ. ಒಂದು ಬೆಳಿಗ್ಗೆ ಕಸದ ಗಾಡಿ ಬಂತು, ಅಕ್ಕ ಬಕೆಟ್ ಕೊಟ್ಟಳು, ಗಾಡಿ ಹೋಯಿತು. "ಮಾವ, ಇದು ಎಲ್ಲಿಗೆ ಹೋಗ್ತದೆ?" (ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.) ಪುರಸಭೆಗೆ ಅಂದೆ. ಪುರಸಭೆಯವರು ಕಸ ತಗೊಂಡು ಎಂಥ ಮಾಡ್ತಾರೆ? ಗಾಡಿಗೆ ಡೀಸೆಲ್ ಯಾರು ಹಾಕುವುದು? ಅವರಿಗೆ ದುಡ್ಡು ಯಾರು ಕೊಡುವುದು? ಎಂಟು ವರ್ಷದ ಹುಡುಗ ಅರ್ಧ ಗಂಟೆಯಲ್ಲಿ ತೆರಿಗೆಯವರೆಗೆ ಬಂದ. ಭಾವ ಒಳಗಿಂದ ಮನೆತೆರಿಗೆಯ ರಶೀದಿ ತಂದುಕೊಟ್ಟರು. ಅವತ್ತಿನ ಮಟ್ಟಿಗೆ ಅದೇ ಪಠ್ಯಪುಸ್ತಕ.

ನಮ್ಮೂರು ಈಗ ಬಂಟ್ವಾಳ ಪುರಸಭೆಯ ಒಂದು ಮೂಲೆ. ಒಂದು ಕಾಲದಲ್ಲಿ ಹಾಗಿರಲಿಲ್ಲ. 1952ರಲ್ಲಿ ನಾವಿನ್ನೂ ಮದರಾಸು ರಾಜ್ಯದಲ್ಲಿದ್ದಾಗ 'ಪಾಣೆಮಂಗಳೂರು' ಅನ್ನುವ ಹೆಸರಿನದ್ದೇ ವಿಧಾನಸಭಾ ಕ್ಷೇತ್ರ ಇತ್ತು. ಈಗ ಕ್ಷೇತ್ರದ ಹೆಸರು ಬಂಟ್ವಾಳ. ಇದನ್ನು ಕೇಳಿ ದೊಡ್ಡವಳಿಗೆ ಸಿಟ್ಟು ಬಂತು, ಯಾರೋ ನಮ್ಮ ಊರನ್ನು ಕದ್ದ ಹಾಗೆ. ಕ್ಷೇತ್ರಗಳ ಗಡಿಯನ್ನು ಯಾರೋ ಕೂತು ಗೆರೆ ಎಳೆದು ಮಾಡುತ್ತಾರೆ, ಅದು ನೇತ್ರಾವತಿಯ ಹಾಗೆ ತಾನಾಗಿ ಹರಿದು ಆದದ್ದಲ್ಲ ಅಂತ ಅವಳಿಗೆ ತಿಳಿದದ್ದು ಆ ಸಿಟ್ಟಿನಿಂದಲೇ.

ಆ ನವೆಂಬರಿನಲ್ಲಿ ನಮಗೆ ಪುಕ್ಕಟೆಯಾಗಿ ಒಂದು ಒಳ್ಳೆಯ ಪಾಠ ಸಿಕ್ಕಿತು. ಬಂಟ್ವಾಳ ಪುರಸಭೆಗೆ ಚುನಾವಣೆ ಆದದ್ದು 2018ರ ಆಗಸ್ಟ್ 31ಕ್ಕೆ. 27 ವಾರ್ಡು. ಕಾಂಗ್ರೆಸ್ 12, ಬಿಜೆಪಿ 11, ಎಸ್‌ಡಿಪಿಐ 4. ಆದರೆ ರಾಜ್ಯದ ಪುರಸಭೆ, ನಗರಸಭೆಗಳ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ತಕರಾರು ಕೋರ್ಟಿಗೆ ಹೋಗಿ, ಗೆದ್ದವರು ಗೆದ್ದಲ್ಲೇ ಕೂತಿದ್ದರು. ಅಧ್ಯಕ್ಷರ ಆಯ್ಕೆಯಾಗುವಾಗ 2020ರ ನವೆಂಬರ್. "ಎರಡು ವರ್ಷ ಹೆಡ್‌ಮಾಸ್ಟ್ರೇ ಇಲ್ಲದ ಶಾಲೆಯಾ?" ಅಂದ ಸಣ್ಣವ, ಸ್ವಲ್ಪ ಹೊಟ್ಟೆಕಿಚ್ಚಿನಿಂದ. ಹಾಗಾದರೆ ಕಸದ ಗಾಡಿ ಹೇಗೆ ಬರ್ತಿತ್ತು? ಅದಕ್ಕೆ ಅಧಿಕಾರಿಗಳು ಇದ್ದಾರೆ, ಅವರನ್ನು ನಾವು ಆರಿಸುವುದಲ್ಲ ಅಂತ ಹೇಳಿದೆ. ಸರ್ಕಾರದಲ್ಲಿ ವೋಟಿನಿಂದ ಬಂದವರು, ಪರೀಕ್ಷೆ ಬರೆದು ಬಂದವರು ಅಂತ ಎರಡು ಜಾತಿ ಅನ್ನುವುದು ಹತ್ತು ವರ್ಷದವಳಿಗೆ ಅವತ್ತೇ ಮೊದಲು ಗೊತ್ತಾದದ್ದು.

ನಾನು ನೆಲದ ಮೇಲೆ 12 ಗೇರುಬೀಜ, 11 ಅಡಿಕೆ, 4 ಹುಣಸೆಬೀಜ ಇಟ್ಟೆ. ಅಧ್ಯಕ್ಷರನ್ನು ಮಾಡಿ ಅಂದೆ. "ಗೇರುಬೀಜ ಜಾಸ್ತಿ ಉಂಟಲ್ಲ, ಅವರೇ." ಅರ್ಧಕ್ಕಿಂತ ಜಾಸ್ತಿ ಉಂಟಾ? ಇಲ್ಲ. ಆಮೇಲೆ ಇನ್ನೊಂದು ಗಂಟು ಹಾಕಿದೆ. ಪುರಸಭೆಯಲ್ಲಿ ಆ ಕ್ಷೇತ್ರದ ಎಂಎಲ್‌ಎ, ಎಂಪಿ ಇಬ್ಬರಿಗೂ ಒಂದೊಂದು ವೋಟು ಉಂಟು. ಆಗ ಇಬ್ಬರೂ ಬಿಜೆಪಿಯವರು. ಅಡಿಕೆ 13 ಆಯಿತು. ಒಟ್ಟು 29, ಬೇಕಾದದ್ದು 15. ಈಗ ನಾಲ್ಕು ಹುಣಸೆಬೀಜ ಎತ್ತ ಹೋದರೆ ಏನಾಗ್ತದೆ ಅಂತ ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ಲೆಕ್ಕ ಹಾಕಿದರು. ಎಲ್ಲೂ ಹೋಗದೆ ಸುಮ್ಮನೆ ಕೂತರೂ ಏನೋ ಆಗ್ತದೆ (13ಕ್ಕೆ 12!) ಅಂತ ಕಂಡುಹಿಡಿದದ್ದು ದೊಡ್ಡವಳು. ಕೊನೆಗೆ ನಿಜದಲ್ಲಿ ಕಾಂಗ್ರೆಸ್‌ನವರು ಅಧ್ಯಕ್ಷರಾದ ಸುದ್ದಿ ಬಂದಾಗ, ಟಿವಿಯಲ್ಲಿ ಮ್ಯಾಚ್ ಗೆದ್ದವರ ಹಾಗೆ "ನಾನು ಹೇಳಿದ್ದಲ್ವಾ!" ಅಂತ ಕುಣಿದಳು. ಪಕ್ಷದ ಮೇಲಿನ ಪ್ರೀತಿಯಿಂದ ಅಲ್ಲ, ಲೆಕ್ಕ ಸರಿ ಬಂದದ್ದಕ್ಕೆ. ಒಂದು ವೋಟಿಗೆ ಏನು ಬೆಲೆ ಅಂತ ಸಣ್ಣವ ಕೇಳಿದಾಗ 2004ರ ಸಂತೆಮರಹಳ್ಳಿ ಚುನಾವಣೆ ಹೇಳಿದೆ. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಅವನು ಅದನ್ನು ನಂಬಲೇ ಇಲ್ಲ, ಕತೆ ಅಂದುಕೊಂಡ.

ಡಿಸೆಂಬರಿನಲ್ಲಿ ಗ್ರಾಮ ಪಂಚಾಯತ್ ಚುನಾವಣೆ. ಬಂಟ್ವಾಳ ತಾಲೂಕಿಗೆ ಮೊದಲ ಹಂತದಲ್ಲಿ, 22ನೇ ತಾರೀಕಿಗೆ. ನಮಗೆ ವೋಟಿಲ್ಲ, ಪುರಸಭೆಯವರು ನೋಡಿ. ಹಾಗಾಗಿ ಅದರ ಹಿಂದಿನ ಆದಿತ್ಯವಾರ ಮಕ್ಕಳನ್ನು ಕರೆದುಕೊಂಡು ಸಜಿಪಮುನ್ನೂರಿನ ದೊಡ್ಡಮ್ಮನ ಮನೆಗೆ ಹೋದೆ. ಪಂಚಾಯತ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಇದನ್ನು ನಾನು ಗಂಭೀರವಾಗಿ ವಿವರಿಸುತ್ತಿದ್ದರೆ ದೊಡ್ಡಮ್ಮ ಅಡುಗೆಮನೆಯಿಂದಲೇ "ಇವ ಆ ಪಾರ್ಟಿ, ಅವ ಈ ಪಾರ್ಟಿ" ಅಂತ ಕರಪತ್ರಗಳನ್ನು ಅಕ್ಕಿ ಆರಿಸಿದ ಹಾಗೆ ಬೇರೆ ಮಾಡಿದರು. ಕಾನೂನಿನಲ್ಲಿ ಇರುವುದು ಒಂದು, ಊರಿಗೆ ಗೊತ್ತಿರುವುದು ಒಂದು. ಇದು ಯಾವ ಪುಸ್ತಕದಲ್ಲೂ ಇಲ್ಲ, ದೊಡ್ಡಮ್ಮನಿಗೆ ಕನ್ಸಲ್ಟಿಂಗ್ ಫೀಸ್ ಕೊಡಬೇಕು :-) ಒಂದು ವಾರ್ಡಿನಿಂದ ಒಬ್ಬರಿಗಿಂತ ಹೆಚ್ಚು ಸದಸ್ಯರಿದ್ದರೆ ಅಷ್ಟು ವೋಟು ಹಾಕಬಹುದು, ಅರ್ಧ ಸೀಟು ಹೆಂಗಸರಿಗೆ ಅನ್ನುವುದೂ ಅಲ್ಲೇ ಕೂತು ಆದ ಪಾಠ.

ಸಣ್ಣವನ ತಲೆಯಲ್ಲಿ ಇನ್ನೂ ಕಸದ ಗಾಡಿಯೇ ಓಡುತ್ತಿತ್ತು. ದೊಡ್ಡಮ್ಮನನ್ನೂ ಕೇಳಿದ. "ನಿಮ್ಮ ಪೇಟೆ ಕಸಕ್ಕೆ ಜಾಗ ಮಾಡಿದ್ದು ಇಲ್ಲೇ ಆಚೆ, ಸಜಿಪನಡು ಹತ್ರ ಅಲ್ವಾ ಮಗ" ಅಂದರು ದೊಡ್ಡಮ್ಮ, ಪತ್ರೊಡೆ ಬಡಿಸುತ್ತ. ಅದು ಹೌದು. ಬಂಟ್ವಾಳ ಪುರಸಭೆಯ ಘನತ್ಯಾಜ್ಯ ಘಟಕದ ಜಾಗ ಇರುವುದು ಸಜಿಪನಡು ಗ್ರಾಮದ ಕಂಚಿನಡ್ಕಪದವಿನಲ್ಲಿ. ಅಲ್ಲಿಯ ಜನ ಬೇಡ ಅಂತ ಪ್ರತಿಭಟನೆ ಮಾಡಿದ್ದು ಪೇಪರಿನಲ್ಲಿ ಬಂದ ವಿಷಯ. ಯಾರು ಸರಿ ಯಾರು ತಪ್ಪು ಅಂತ ನಾನು ಇಲ್ಲಿ ಹೇಳಲು ಹೊರಟಿಲ್ಲ, ಊರು ಅಂದ ಮೇಲೆ ಕಸ ಎಲ್ಲಾದರೂ ಹೋಗಲೇಬೇಕು. ಆದರೆ ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ ದೊಡ್ಡವಳು ಕೇಳಿದ ಪ್ರಶ್ನೆ ನನಗೆ ಈಗಲೂ ಕಿವಿಯಲ್ಲಿ ಉಂಟು. "ಪುರಸಭೆಗೆ ವೋಟು ಹಾಕುವುದು ನಾವು. ಕಸ ಹೋಗುವುದು ಅವರ ಊರಿಗೆ. ಅವರಿಗೆ ಪುರಸಭೆಯಲ್ಲಿ ವೋಟು ಉಂಟಾ?"

ಇಲ್ಲ. ಹಾಗಾದರೆ ಅವರು ಯಾರ ಹತ್ರ ಹೇಳುವುದು? ಪಂಚಾಯತ್, ಎಂಎಲ್‌ಎ, ಡಿಸಿ, ಮಾಲಿನ್ಯ ನಿಯಂತ್ರಣ ಮಂಡಳಿ, ಕೋರ್ಟು ಅಂತ ಹೆಲ್ಮೆಟ್ಟಿನೊಳಗಿಂದ ಒಂದೊಂದಾಗಿ ಕೂಗಿ ಹೇಳಿದೆ. ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬಿದ್ದುಕೊಂಡಿದ್ದ ಹೆಸರುಗಳು ಅವಳಿಗೆ ಒಂದೇ ದಾರಿಯ ಸ್ಟಾಪುಗಳ ಹಾಗೆ ಕಾಣಿಸಿರಬೇಕು. ಮನೆಗೆ ಬಂದು ಚಾರ್ಟ್ ಬರೆದಳು. ಮೇಲೆ ರಾಷ್ಟ್ರಪತಿ ಇರುವ ಚಾರ್ಟಲ್ಲ, ನಡುವಿನಲ್ಲಿ ಒಂದು ಬಕೆಟ್ ಇರುವ ಚಾರ್ಟು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಸಹೋದ್ಯೋಗಿಗೆ ಬರೆದುಕೊಡುವಷ್ಟು ವಿಶೇಷ ಏನೂ ಇರುತ್ತಿರಲಿಲ್ಲ. ಮುಂದಿನದ್ದಕ್ಕೇ ಇಷ್ಟು ಪೀಠಿಕೆ.

ನಮ್ಮ ಓಣಿಯಲ್ಲಿ ಐದು ಮನೆ. ಹಿಂದೆ ಎಲ್ಲರೂ ಬಳಸುವ ಒಂದು ತುಂಡು ಜಾಗ. ಅಡುಗೆಮನೆಯ ಹಸಿಕಸ ಗಾಡಿಗೆ ಕೊಡದೆ ಅಲ್ಲೇ ಗುಂಡಿ ಮಾಡಿ ಗೊಬ್ಬರ ಮಾಡುವ ಅಂತ ಮಕ್ಕಳಿಗೆ ಹುಮ್ಮಸ್ಸು ಬಂತು. ದೊಡ್ಡವರು ಒಪ್ಪಿದರು. ಗುಂಡಿ ಎಲ್ಲಿ ಅಂತ ಮಕ್ಕಳೇ ತೀರ್ಮಾನ ಮಾಡಲಿ, ನಾವು ನಡೆಸಿಕೊಡುತ್ತೇವೆ ಅಂತಲೂ ಹೇಳಿದರು. ಐದು ಮನೆಯಲ್ಲಿ ಏಳು ಮಕ್ಕಳು. ಚುನಾವಣೆಗೆ ಇದಕ್ಕಿಂತ ಬೇರೆ ನೆಪ ಬೇಕಾ? ಚೀಟಿ, ಬಿಸ್ಕೆಟ್ ಡಬ್ಬಿ, ಎಡಗೈ ತೋರುಬೆರಳಿಗೆ ಸ್ಕೆಚ್ ಪೆನ್ನಿನ ಗುರುತು. (ನಿಜವಾದ ಶಾಯಿ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯದ್ದು, 1962ರಿಂದ ಅಲ್ಲಿಂದಲೇ ಹೋಗುವುದು ಅಂದಾಗ ಎಲ್ಲರಿಗೂ ಹೆಮ್ಮೆ.)

ಬೇಕೆಂದೇ ಎರಡು ಸಲ ಮಾಡಿಸಿದೆ, ಮೊದಲು ಕೈ ಎತ್ತಿ, ಆಮೇಲೆ ಚೀಟಿ ಹಾಕಿ. ಗುಟ್ಟಿನ ವೋಟಿಗೆ ಏನು ವ್ಯತ್ಯಾಸ ಅಂತ ತೋರಿಸಲು. ಕೈ ಎತ್ತಿದಾಗ ಆರು ಜನ ಒಂದೇ ಜಾಗ ತೋರಿಸಿದರು. ಓಣಿಯ ತುದಿ, ಕೊನೆಯ ಮನೆಯ ಹಿತ್ತಲ ಬದಿ. ಬೇಡ ಅಂದವನು ಒಬ್ಬ, ಆ ಮನೆಯ ಹುಡುಗ. ಆ ಮನೆಯಿಂದ ಅವನೊಬ್ಬನೇ. ನಮ್ಮ ಓಣಿಯಲ್ಲಿ ಬ್ಯಾರಿಗಳ ಮನೆಯೂ ಅದೊಂದೇ.

ಮಕ್ಕಳು ಅದನ್ನು ನೋಡಿ ಮಾಡಿದ್ದಾ? ನನಗೆ ಹಾಗೆ ಅನ್ನಿಸಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಿಂದ ದೂರ ಅಂತ ಹುಡುಕಿದರು, ಎಲ್ಲರಿಂದ ದೂರ ಇದ್ದದ್ದು ಅವನ ಮನೆ. ಆದರೆ ಈ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಆ ಪ್ರಶ್ನೆ ಬಾರದೆ ಇರುವುದಿಲ್ಲ. ಅವನಿಗೂ ಬಂದಿರಬೇಕು.

ಚೀಟಿ ತೆರೆದಾಗ ಐದು-ಎರಡು.

ಅವನು ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೇ ನೋಡಿದ. ಯಾರೋ ಒಬ್ಬರು ಎಲ್ಲರೆದುರು ಎತ್ತಿದ ಕೈಯನ್ನು ಡಬ್ಬಿಯೊಳಗೆ ಬದಲಿಸಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಿಯೂ ಇಲ್ಲ, ಕೇಳಬಾರದು ಅನ್ನುವುದೇ ಪಾಠವಲ್ಲವಾ. ಆದರೆ ಐದು ಎರಡಕ್ಕಿಂತ ದೊಡ್ಡದೇ. ತೀರ್ಮಾನ ಆಯಿತು. ನಿಯಮದ ಪ್ರಕಾರ ಎಲ್ಲ ಸರಿಯಾಗಿಯೇ ಆಯಿತು.

ಹುಡುಗ ಎರಡು ದಿನ ಆಟಕ್ಕೆ ಬರಲಿಲ್ಲ. ಅವನ ತಾಯಿ ಅಕ್ಕನ ಹತ್ತಿರ "ಮಕ್ಕಳು ಒಟ್ಟಾಗಿ ಮಾಡಿದ್ದಲ್ವಾ, ಆಗಲಿ, ತೊಂದರೆ ಇಲ್ಲ" ಅಂದರಂತೆ. ಜಗಳ ಮಾಡಿದ್ದರೆ ಅಕ್ಕನಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಮೂರನೇ ದಿನ ದೊಡ್ಡವಳು ಬಕೆಟ್ ಚಾರ್ಟಿನ ಎದುರು ನಿಂತು, "ಮಾವ, ನಾವು ಅವನಿಗೆ ಕಂಚಿನಡ್ಕ ಮಾಡಿದೆವಾ?" ಅಂದಳು. ಅಲ್ಲಿಯವರಿಗಾದರೆ ಇಲ್ಲಿ ವೋಟೇ ಇಲ್ಲ, ಇವನಿಗೆ ವೋಟು ಇದ್ದೂ ಏನು ಆಯ್ತು? ನಾನು ಉತ್ತರ ಕೊಡಲಿಲ್ಲ. ಏಳೂ ಜನರನ್ನು ಕರೆದು ಕೂರಿಸಿದೆ, ಅವನನ್ನು ಸಣ್ಣವನೇ ಹೋಗಿ ಕರೆದುಕೊಂಡು ಬಂದ. ನಮ್ಮ ದೇಶದಲ್ಲಿ ಮೊದಲು ಏನಾಯಿತು, ಚುನಾವಣೆಯಾ ಸಂವಿಧಾನವಾ ಅಂತ ಕೇಳಿದೆ. ಎಲ್ಲರೂ ಚುನಾವಣೆ ಅಂದರು. ಅಲ್ಲ. ಸಂವಿಧಾನ ಒಪ್ಪಿಕೊಂಡದ್ದು 1949ರ ನವೆಂಬರ್ 26, ಜಾರಿಗೆ ಬಂದದ್ದು 1950ರ ಜನವರಿ 26, ಮೊದಲ ಮಹಾಚುನಾವಣೆ 1951-52. ಎಲ್ಲರೂ ಸೇರಿ ವೋಟು ಹಾಕಿದರೂ ಯಾವುದನ್ನು ಮಾಡಬಾರದು ಅಂತ ಮೊದಲು ಬರೆದುಕೊಂಡರು, ಆಮೇಲೆ ಜನರೆಲ್ಲ ವೋಟಿಗೆ ಹೋದರು. ನಾವು ಬರೆದುಕೊಳ್ಳಲಿಲ್ಲ, ನೇರ ಡಬ್ಬಿ ತಂದೆವು.

ನನ್ನ ಕೆಲಸದಲ್ಲೂ ಇದೇ. ಪ್ರೋಗ್ರಾಂ ಏನು ಮಾಡಬೇಕು ಅಂತ ಎಲ್ಲರೂ ಹೇಳ್ತಾರೆ, ಏನು ಮಾಡಬಾರದು ಅಂತ ಬರೆಯುವವರು ಕಡಿಮೆ. ನಮ್ಮ ಸಿವಿಕ್ಸ್ ಪಾಠವೂ ಹಾಗೇ ಆಗಿದೆ ಅಂತ ನನ್ನ ತಕರಾರು. ಪ್ರಜಾಪ್ರಭುತ್ವ ಅಂದರೆ ಬಹುಮತ ಅಂತ ಎರಡು ಅಂಕಕ್ಕೆ ಬರೆಸಿಬಿಡುತ್ತೇವೆ. ಮೂಲಭೂತ ಹಕ್ಕು ಅಂತ ಬೇರೆ ಪಾಠ ಇರುತ್ತದೆ, ಆರು ಹೆಸರು ಬಾಯಿಪಾಠ. ಎರಡಕ್ಕೂ ಇರುವ ಸಂಬಂಧ ಹೇಳುವುದಿಲ್ಲ.

ಮಧ್ಯಾಹ್ನದಿಂದ ಸಂಜೆ ದೀಪ ಹಚ್ಚುವವರೆಗೆ ಏಳು ಜನ ಜಗಳಾಡಿ ನೋಟ್‌ಬುಕ್ಕಿನಲ್ಲಿ ನಿಯಮ ಬರೆದರು. ಬಾವಿಯಿಂದ ಮೂವತ್ತು ಹೆಜ್ಜೆಯೊಳಗೆ ಗುಂಡಿ ಇಲ್ಲ. ಯಾರ ಮನೆಯ ಪಕ್ಕ ಬರುತ್ತದೋ ಅವರಿಗೆ ಬೇಡ ಅನ್ನುವ ಹಕ್ಕು ಉಂಟು, ಆದರೆ ಕಾರಣ ಹೇಳಬೇಕು, ಆ ಕಾರಣ ಎಲ್ಲ ಮನೆಗೂ ಹೊಂದುವಂಥದ್ದಾದರೆ ನಡೆಯುವುದಿಲ್ಲ. ("ವಾಸನೆ" ಅಂದರೆ ನಡೆಯುವುದಿಲ್ಲ, ವಾಸನೆ ಎಲ್ಲರಿಗೂ ಬರ್ತದೆ. "ನಮ್ಮ ಅಜ್ಜನಿಗೆ ಉಬ್ಬಸ" ಅಂದರೆ ನಡೆಯುತ್ತದೆ. ಇದು ಆ ಹುಡುಗನದ್ದೇ ಸೂಚನೆ, ಸುಪ್ರೀಂ ಕೋರ್ಟಿಗೆ ಹೋಗುವ ಜೀವ ಅದು.) ಕೊನೆಯದು ನನಗೆ ತುಂಬ ಹಿಡಿಸಿದ್ದು, ಯಾವ ಮನೆಯ ಕಸ ಜಾಸ್ತಿಯೋ ಮೊದಲ ಗುಂಡಿ ಅವರ ಬದಿಗೆ. ಈ ನಿಯಮಗಳನ್ನು ಬದಲಿಸಬೇಕಾದರೆ ಏಳರಲ್ಲಿ ನಾಲ್ಕು ಸಾಲದು, ಆರು ಬೇಕು.

ಒಂದು ವಾರ ಅಜ್ಜಿಯ ಹಳೆ ತಕ್ಕಡಿಯಲ್ಲಿ ಐದೂ ಮನೆಯ ಕಸ ತೂಗಿದರು. ಗೆದ್ದದ್ದು... ನಾವು! ನಮ್ಮ ಮನೆಯ ಬಾಳೆಎಲೆ ಊಟ, ಅಜ್ಜಿಯ ಸೊಪ್ಪು ಸದೆ ಎಲ್ಲ ಸೇರಿ ಉಳಿದವರನ್ನು ಬಹಳ ಹಿಂದೆ ಹಾಕಿತ್ತು. ಗುಂಡಿ ಬಂದದ್ದು ನಮ್ಮ ಬಟ್ಟೆ ಒಣಗಿಸುವ ಜಾಗದ ಆಚೆ. ಅಕ್ಕ ವಾಸನೆ ಅಂದಳು, ನೋಟ್‌ಬುಕ್ ತೋರಿಸಿದರು. ಸೊಳ್ಳೆ ಅಂದಳು, ಅದಕ್ಕೂ ತೋರಿಸಿದರು. "ಇದನ್ನೆಲ್ಲ ಕಲಿಸಿಕೊಡ್ಲಿಕ್ಕೆ ನಿನಗೆ ಯಾರು ಹೇಳಿದ್ದು?" ಅಂತ ನನ್ನ ಕಡೆ ತಿರುಗಿದಳು. ನೀನೇ ಹೇಳಿದ್ದಲ್ವಾ ಅಂತ ಹೇಳುವ ಧೈರ್ಯ ಇರಲಿಲ್ಲ, ರಾತ್ರಿ ಊಟ ಅವಳೇ ಬಡಿಸುವುದು.

ಸಹೋದ್ಯೋಗಿಗೆ ಇನ್ನು ಒಂದೆರಡು ಮಾತು. ಮಕ್ಕಳ ಎದುರು ನೀವು ಯಾರಿಗೆ ವೋಟು ಹಾಕಿದ್ದು ಅಂತ ಹೇಳಬೇಡಿ. ನಮ್ಮಿಬ್ಬರು ಇವತ್ತಿಗೂ ನನ್ನ ಬಾಯಿ ಬಿಡಿಸಲು ನೋಡ್ತಾರೆ, ಆ ಗುಟ್ಟಿನಿಂದಲೇ ಅವರಿಗೆ ಡಬ್ಬಿಯ ಮರ್ಯಾದೆ ತಿಳಿದದ್ದು. ನಿಮ್ಮ ಊರು ಹಳ್ಳಿಯಾದರೆ ರಜೆಯಲ್ಲಿ ಮಗಳನ್ನು ಮಕ್ಕಳ ಗ್ರಾಮಸಭೆಗೆ ಕರೆದುಕೊಂಡು ಹೋಗಿ. ನಮ್ಮ ಪಕ್ಕದ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿ ದುಡಿಯುವ ಮಕ್ಕಳು 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ಕಟ್ಟಿಕೊಂಡಿದ್ದರು. ಮುಂದೆ 2006ರಲ್ಲಿ ಸರ್ಕಾರವೇ ಎಲ್ಲ ಗ್ರಾಮ ಪಂಚಾಯತ್‌ಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸುತ್ತೋಲೆ ಹೊರಡಿಸಿತು. ಕೆಲವು ಕಡೆ ಕಾಟಾಚಾರಕ್ಕೆ ಲಾಡು ಹಂಚಿ ಮುಗಿಸುತ್ತಾರೆ. ಇರಲಿ, ಅದನ್ನು ನೋಡುವುದೂ ಸಿವಿಕ್ಸೇ. ಬೆಂಗಳೂರಿನ ವಿಷಯಕ್ಕೆ ಬಂದರೆ, 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಅಷ್ಟು ದಿನ ನಿಮ್ಮ ರಸ್ತೆಯ ಗುಂಡಿಗೆ ಯಾರು ಜವಾಬ್ದಾರಿ ಅಂತ ಮಗಳು ಕೇಳಿದರೆ, ಒಂದು ತಿಂಗಳ ಪಾಠಕ್ಕೆ ವಸ್ತು ಸಿಕ್ಕಿತು ಅಂದುಕೊಳ್ಳಿ.

ಅಂದ ಹಾಗೆ ಪರೀಕ್ಷೆಯ ಚಿಂತೆ ಬೇಡ, ಶಾಲೆಗೆ ಹೋಗದವರಿಗೂ ಎನ್‌ಐಒಎಸ್ ಉಂಟು. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಗುಂಡಿ ಮಳೆಗಾಲಕ್ಕೆ ಮುಚ್ಚಿತು, ಮತ್ತೆ ಆಯಿತು. ಎರಡನೇ ಸಲದ ತೂಕದಲ್ಲೂ ನಾವೇ ಫಸ್ಟು. ನೋಟ್‌ಬುಕ್ ಈಗ ಕೊನೆಯ ಮನೆಯ ಹುಡುಗನ ಹತ್ತಿರ ಉಂಟಂತೆ, ಕೇಳಿದರೆ ಜೆರಾಕ್ಸ್ ಕೊಡುತ್ತಾನೆ, ಒರಿಜಿನಲ್ ಕೊಡುವುದಿಲ್ಲ. ದೊಡ್ಡವಳಿಗೆ ಮೊನ್ನೆ ಹೊಸ ಕೋಪ. ಮುಂದಿನ ವಿಧಾನಸಭೆ ಚುನಾವಣೆ ಲೆಕ್ಕ ಪ್ರಕಾರ 2028ರ ಮೇ ತಿಂಗಳ ಸುಮಾರಿಗೆ. ಮತದಾರರ ಪಟ್ಟಿಗೆ ಈಗ ವರ್ಷಕ್ಕೆ ನಾಲ್ಕು ತಾರೀಕು ಉಂಟಲ್ಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು. ಅವಳಿಗೆ 18 ತುಂಬುವುದು ಆ ವರ್ಷದ ಜೂನಿನಲ್ಲಿ. ಎರಡೂವರೆ ತಿಂಗಳಿಗೆ ತಪ್ಪಿಹೋಗುತ್ತದೆ. "ನಿಮಗೆ ಸ್ವಲ್ಪ ಮೊದಲೇ ಮದುವೆ ಆಗ್ಲಿಕ್ಕೆ ಆಗ್ತಿರ್ಲಿಲ್ವಾ?" ಅಂತ ಅಪ್ಪ ಅಮ್ಮನ ಹತ್ತಿರ ಜಗಳ ಆಡಿದಳಂತೆ. ಅಕ್ಕ ಫೋನ್ ಮಾಡಿ ನನಗೇ ಬೈದಳು.